ಘನ ನ್ಯಾಯಾಲಯದ ತಮಾಷೆ

ಹದಿನಾಲ್ಕು, ಮಂಗಳವಾರ

ಹೆಂಡತಿಯ ತಪಾಸಣೆಯ ವರದಿಯಲ್ಲಿ ಯೂರಿಯಾಪ್ಲಾಸ್ಮ ಎಂಬ, ಲೈಂಗಿಕ ಸಂಪರ್ಕದಿಂದಲೂ ಹರಡುವ ಬ್ಯಾಕ್ಟೀರಿಯಾ ಪಾಸಿಟಿವ್ ಬಂದಿತ್ತು. ಭಾನುವಾರ ನಾನು ಕಪ್ಪು ಟವೆಲು ಹೊದ್ದು ನ್ಯಾಯಾಧೀಶನಾಗಿ, "ಆರೋಪಿಯು ಈ ಅತಿಥಿಯನ್ನು ಎಲ್ಲಿಂದ ಕರೆತಂದಳೆಂದು ಘನ ನ್ಯಾಯಾಲಯಕ್ಕೆ ಅರಿಕೆ ಮಾಡತಕ್ಕದ್ದು" ಎಂದೆ. ಅವಳು ನಗಲಿಲ್ಲ, ಅಕ್ಕನ ಮನೆಗೆ ಹೋದಳು.

ಇವತ್ತು ಡಾಕ್ಟರಮ್ಮನನ್ನು ಕೇಳಿದೆ. "ಎಷ್ಟೋ ಆರೋಗ್ಯವಂತರಲ್ಲಿ ಇದು ಸುಮ್ನೆ ಇರತ್ತೆ ಕಣಪ್ಪ. ಉರಿ, ನೋವು ಇದ್ದು ಬೇರೆ ಕಾರಣ ಸಿಗದಿದ್ರೆ ಮಾತ್ರ ಔಷಧಿ. ನಿನ್ನ ಹೆಂಡ್ತಿಗೆ ಏನೂ ತೊಂದ್ರೆ ಇಲ್ವಲ್ಲ, ಮಾತ್ರೆ ಬೇಡ. ಯಾರಿಂದ ಬಂತು ಅನ್ನೋ ಪಂಚಾಯ್ತಿನೂ ಬೇಡ."

ಹೆಂಡತಿಗೆ ಫೋನು ಮಾಡಿ ಅಷ್ಟನ್ನೂ ಒಪ್ಪಿಸಿದೆ. "ಅವತ್ತು ಆಡಿದ್ದು ತಮಾಷೆಗೆ ತಾನೇ?" ಎಂದಳು. ಹೌದು ಎಂದರೆ ನಾಳೆಯೇ ಬರುತ್ತಾಳೆ. ಆದರೆ ಶನಿವಾರ ಅವಳು ಮಲಗಿದ ಮೇಲೆ ಅವಳ ಫೋನಿನಲ್ಲಿ ಒಂದೊಂದೇ ಹೆಸರು ನೋಡುತ್ತ ಕೂತಿದ್ದವನು ನಾನು, ಹೌದು ಎಂದು ಯಾವ ಬಾಯಲ್ಲಿ ಹೇಳಲಿ?