ಚೀಟಿ ಕೇಳದ ಅಣ್ಣನಿಗೆ

ಬಾಲಾನಗರ, ಹೈದರಾಬಾದ್
೯ ಜುಲೈ ೨೦೨೪

ಅಣ್ಣ ಶಿವಶರಣಪ್ಪನಿಗೆ ತಂಗಿ ಸುಮಂಗಲಾಳ ಶರಣು.

ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಅಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಕ್ಷಮೆ ಇರಲಿ. ಎತ್ತಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ಇವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಗೋಡೆ ಹಿಡಿದು ನಡೆಯುತ್ತಾರೆ. ಕಾರ್ಖಾನೆಯವರು ಲೇತ್ ಮಷಿನ್ ಹತ್ತಿರ ಬರಬೇಡ ಎಂದಿದ್ದಾರೆ. ಪಿಂಕಿ ಶಾಲೆಯಿಂದ ಬಂದವಳೇ ಅಪ್ಪನ ಎದೆ ಏರಿಳಿಯುತ್ತಿದೆಯೇ ಎಂದು ನೋಡಿ ಆಮೇಲೆ ಚೀಲ ಕೆಳಗಿಡುತ್ತಾಳೆ.

ಬೆನ್ನುನೋವಿಗೆ ಡಾಕ್ಟರು ಟ್ರಾಮಾಡಾಲ್ ಗುಳಿಗೆ ಬರೆದುಕೊಟ್ಟದ್ದು ಒಂದು ವಾರಕ್ಕೆ ಮಾತ್ರ. ವಾರ ಮುಗಿದ ಮೇಲೆ ನೀನೇ ಡಾಕ್ಟರಾದೆ. ಇವರು ಸುಲ್ತಾನ್ ಬಜಾರಿನ ನಿನ್ನ ಔಷಧದ ಅಂಗಡಿಗೆ ಬಂದಾಗಲೆಲ್ಲ ಜೇಬಿಗೊಂದು ಸ್ಟ್ರಿಪ್ ತುರುಕಿದೆ. ಮೊದಲು ನೋವು ಮರೆತು ಓವರ್‌ಟೈಮ್ ಮಾಡಿದರು. ಆಮೇಲೆ ಒಂದು ಗುಳಿಗೆ ಸಾಲದಾಯಿತು. ಊಟ ಸೇರದು, ಹೊಟ್ಟೆ ಕಟ್ಟುವುದು, ಕೂತಲ್ಲೇ ತೂಕಡಿಕೆ. ಗುಳಿಗೆ ತಪ್ಪಿದ ದಿನ ಬೆವರಿ, ನಡುಗಿ, ಪಿಂಕಿಯ ಮೇಲೆ ತಟ್ಟೆ ಎಸೆದರು. ನಿದ್ದೆಯಿಲ್ಲ ಎಂದದ್ದೇ ತಡ, ಅಲ್ಪ್ರಾಜೋಲಾಮ್ ಬೇರೆ ಸೇರಿಸಿದೆ!

ಆ ಭಾನುವಾರ ಬೆಳಿಗ್ಗೆ ಪಿಂಕಿ ಚಹಾ ಒಯ್ದವಳು ಚೀರಿದಳು. "ಮಮ್ಮಿ, ಪಪ್ಪಾ ಏಳವಲ್ರು! ತುಟಿ ನೀಲಿ ಆಗ್ಯಾವ!"

ಮೇಲಿನ ಮನೆಯ ಗೊಲ್ಲಾಳಪ್ಪನವರು ಹೊತ್ತು ತಂದು ಆಟೋದಲ್ಲಿ ಹಾಕಿದರು. ಎರಡು ಗುಳಿಗೆ ಕೂಡಿದರೆ ಉಸಿರೇ ನಿಲ್ಲಬಹುದು, ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ತಮ್ಮ ಕಣ್ಣೆದುರೇ ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು ಎಂದರು ಡಾಕ್ಟರು. ಇವರು ಕಣ್ಣು ತೆರೆದು ಕೇಳಿದ್ದು ನನ್ನನ್ನಲ್ಲ, ಮಗಳನ್ನಲ್ಲ. "ಶಿವಣ್ಣ ಗುಳಿಗಿ ಕಳಿಸ್ಯಾನೇನು?" ಅಂದರು.

ಸೇಬು ಹಿಡಿದು ನೋಡಲು ಬಂದ ನೀನು ಏನಂದೆ, ನೆನಪಿದೆಯೇ?

"ನಾ ಏನ್ ವಿಷ ಕೊಟ್ಟೀನೇನು, ಸುಮಂಗಲಾ? ಮನಿ ಮಂದಿಗೆ ಡಾಕ್ಟರ ಚೀಟಿ ಕೇಳಾಕ ಆಗ್ತೈತೇನು?"

"ಮನಿ ಮಂದಿ ಅಂತನ ಕೇಳಬೇಕಿತ್ತು," ನಾನಂದೆ.

"ಎಲ್ಲಾ ಅಂಗಡ್ಯಾಗೂ ಹಿಂಗ ಕೊಡ್ತಾರ. ನನ್ನೊಬ್ಬನ್ನ ಯಾಕ ಹಿಡೀತಿ?" ಎಂದು ನೀನು ಎದ್ದು ಹೋದೆ.

ಅಷ್ಟಾದರೂ ಬುದ್ಧಿ ಬರಲಿಲ್ಲವಲ್ಲ! ಇವರು ಕದ್ದು ಫೋನ್ ಮಾಡಿದರೆಂದು ನಿನ್ನೆ ನಿನ್ನ ಅಂಗಡಿಯಲ್ಲಿ ಕೆಲಸ ಮಾಡುವ ಚಂದ್ರಹಾಸನ ಕೈಯಲ್ಲಿ ಪೊಟ್ಟಣ ಕಳಿಸಿದೆ. ಮೇಲೆ ವಿಟಮಿನ್, ಅಡಿಯಲ್ಲಿ ಅದೇ ಸ್ಟ್ರಿಪ್. ನಾನು ಬಾಗಿಲಲ್ಲೇ ಕಸಿದುಕೊಂಡೆ. ಇವರು ನನ್ನ ಕಾಲು ಹಿಡಿದರು ಅಣ್ಣಾ, ಮಗಳ ಎದುರಿಗೆ. ಕೊಡಲಿಲ್ಲ. ಇವತ್ತು ಅದನ್ನು ಡಾಕ್ಟರಿಗೆ ತೋರಿಸಿ, ಅಲ್ಲಿಂದ ನೇರ ಔಷಧ ನಿಯಂತ್ರಣ ಇಲಾಖೆಗೆ ಹೋಗಿ ದೂರು ಕೊಟ್ಟು ಬಂದೆ. ನಿನ್ನ ಹೆಸರು, ಅಂಗಡಿಯ ಹೆಸರು ಎರಡೂ ಹೇಳಿದ್ದೇನೆ. ಒಡಹುಟ್ಟಿದವಳು ಹೀಗೆ ಮಾಡಿದಳು ಎಂದು ಬಳಗದವರ ಮುಂದೆ ಬೇಕಾದರೆ ಅಳು.

ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ನನ್ನ ಆಶೀರ್ವಾದ. ನೂರು ವರ್ಷ ಬಾಳಲಿ. ಅವರಿಗೆ ತಲೆ ನೋವಾದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ನಿನ್ನ ತಂಗಿ,
ಸುಮಂಗಲಾ

ತಾ.ಕ.: ಇಂಥ ಗುಳಿಗೆ ಹೆಚ್ಚಾದವರು ಉಸಿರು ಕಟ್ಟುವ ಮುಂಚೆ ಗಂಟಲಲ್ಲಿ ನೀರು ಕುದ್ದಂತೆ ಗೊರಕೆ ಹೊಡೆಯುತ್ತಾರಂತೆ. ಡಾಕ್ಟರಿಂದ ಅದನ್ನು ಎರಡು ಸಲ ಹೇಳಿಸಿ ಕೇಳಿದೆ. ಅವ್ವ ತೀರಿಕೊಂಡ ದಿನ ಮಧ್ಯಾಹ್ನ, ನಿನ್ನ ಮನೆಯಲ್ಲಿ, ಹಾಗೆಯೇ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಲು ಹೋದ ನನ್ನ ಕೈ ಹಿಡಿದು ನೀನು, "ಮಲಗಲಿ ಬಿಡ, ಭಾಳ ದಿನದ ಮ್ಯಾಲ ನಿದ್ದಿ ಹತ್ತೈತಿ" ಅಂದಿದ್ದೆ. ಅಣ್ಣಾ, ಅವತ್ತು ಅವ್ವನಿಗೆ ಏನು ಕೊಟ್ಟಿದ್ದೆ?