ಬೇವಿನ ಗಿಡದ ಬಳಿ ನಿಂತ ಬಸ್ಸು

ಮಂಗಳವಾರ, ಜೂನ್ ೧೭

ಕಲ್ಲು ಎಸೆದವಳು ನಾನೇ. ಈ ಡೈರಿಯಲ್ಲಿ ಬಿಟ್ಟರೆ ಬೇರೆಲ್ಲೂ ಇದನ್ನು ಹೇಳಲಾರೆ.

ಹೊಸ ವೇಳಾಪಟ್ಟಿ ಬಂದ ಮೇಲೆ ಹುನಗುಂದಕ್ಕೆ ಹೋಗುವ ಏಳೂ ಹತ್ತರ ಬಸ್ಸಿಗೆ ನಮ್ಮೂರು ಗುಡೂರಿನಲ್ಲಿ ಸ್ಟಾಪ್ ಇಲ್ಲ. ನಾಲ್ಕು ದಿನ ದವಾಖಾನೆಯ ಡ್ಯೂಟಿಗೆ ತಡವಾಗಿ ಹೋಗಿ, ರೋಗಿಗಳ ಎದುರೇ ಬೈಸಿಕೊಂಡೆ. ಇವತ್ತೂ ಬಸ್ಸು ಮುಖಕ್ಕೆ ಧೂಳು ಹಾರಿಸಿ ಮುಂದೆ ಹೋಯಿತು. ಮೈಯೆಲ್ಲ ಉರಿದುಹೋಯಿತು. ಕಾಲಬಳಿಯ ಜಲ್ಲಿಕಲ್ಲನ್ನು ಎತ್ತಿ ಬೀಸಿದೆ. ಗಾಜೆಲ್ಲ ಪುಡಿಯಾಗಲಿ ಎಂದೇ ಬೀಸಿದೆ.

ಕಲ್ಲು ಕೈಬಿಟ್ಟ ಮೇಲೆ ಕಂಡಿತು, ಬಸ್ಸು ಸ್ವಲ್ಪ ಮುಂದಿನ ಬೇವಿನ ಗಿಡದ ಬಳಿ ನಿಲ್ಲುತ್ತಿತ್ತು. ಹಳೇ ಸ್ಟಾಪಿನಲ್ಲಿ ನಿಲ್ಲಿಸಿದರೆ ತಪಾಸಣೆಯವರು ಹಿಡಿಯುತ್ತಾರೆಂದು ಕಂಡಕ್ಟರ್ ದುಂಡೇಶ ಡ್ರೈವರನನ್ನು ಒಪ್ಪಿಸಿ ಇವತ್ತೇ ಮೊದಲ ಸಲ ಅಲ್ಲಿ ನಿಲ್ಲಿಸಿದ್ದ. ಬಾಗಿಲಿನಿಂದ ತಲೆ ಹೊರಹಾಕಿ ಸ್ಟಾಪಿನಲ್ಲಿ ಕಾಯುತ್ತಿದ್ದ ನಮ್ಮೆಲ್ಲರನ್ನೂ ಕರೆಯುತ್ತಿದ್ದ. ಕಲ್ಲು ಅವನ ಹುಬ್ಬನ್ನು ಸೀಳಿತು. ಅಂಗಿಯ ತುಂಬ ರಕ್ತ. ಬಸ್ಸೆಬ್ಬಿಸಿದ ಧೂಳಿನಲ್ಲಿ ಕಲ್ಲು ಯಾರ ಕೈಯಿಂದ ಬಂತೆಂದು ಯಾರಿಗೂ ಕಾಣಲಿಲ್ಲ.

ದವಾಖಾನೆಯಲ್ಲಿ ಐದು ಹೊಲಿಗೆ ಹಾಕಿದವಳೂ ನಾನೇ.

"ಸಿಸ್ಟರ್, ಕಲ್ಲು ಒಗದಾಂವ ಯಾರಂತ ನೋಡಿದ್ರೇನ್ರಿ?"

"ಇಲ್ಲರಿ."

"ಸಿಗಲಿ ಮಗಾ, ಕೈ ಮುರೀತೇನಿ."

ಸೂಜಿ ಆಳಕ್ಕೆ ಇಳಿಯಿತು. ಅವನು ಹಲ್ಲು ಕಚ್ಚಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

"ನಾಳಿಂದ ಸ್ಟಾಪಿನ್ಯಾಗ ನಿಂದರಬ್ಯಾಡ್ರಿ. ಬೇವಿನ ಗಿಡದ ಕೆಳಗ ನಿಂದರ್ರಿ, ನಾ ನಿಲ್ಲಸ್ತೇನಿ."

ಕಲ್ಲು ಎಸೆದ ಬಲಗೈಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಮಂಗಳವಾರ ಆ ಹೊಲಿಗೆ ಬಿಚ್ಚಬೇಕಾದದ್ದೂ ಇದೇ ಕೈ. ಅಷ್ಟರೊಳಗೆ ಅವನಿಗೆ ಹೇಳಿಬಿಡಬೇಕು. ಆದರೆ ನಾಳೆ ಬೆಳಿಗ್ಗೆ, ಬ್ಯಾಂಡೇಜು ಕಟ್ಟಿಕೊಂಡೇ, ಅವನು ಟಿಕೆಟ್ ಹರಿದು ಕೊಡುವುದೂ ಇದೇ ಕೈಗೆ.