ಹಳದಿಗೆ ತಿರುಗುವ ಹೊತ್ತು

ಮಾರ್ಚ್ 9, ಗುರುವಾರ

ಇವತ್ತೂ ಅದೇ ರಾಗ, ಅದೇ ಹಾಡು. ಪಾಲಿಮರ್ ಪದರ ಹಳದಿಗೆ ತಿರುಗಲಿಲ್ಲ. ನೀಲಿ ಬೆಳಕು ಬಿಟ್ಟರೆ ಜಾಣ ಮಗುವಿನ ಹಾಗೆ ಪ್ರೋಟಾನ್ ಬಿಟ್ಟುಕೊಟ್ಟು ಬಿಳಿಚಿಕೊಳ್ಳುತ್ತದೆ. ಆಮೇಲೆ ಕತ್ತಲಲ್ಲಿ ಅದನ್ನು ವಾಪಸ್ ಎಳೆದುಕೊಂಡು ಹಳದಿಯಾಗಬೇಕು — ಆಗುವುದಿಲ್ಲ. ಸೋಮವಾರ ಆಗಿತ್ತು. ನಿನ್ನೆಯೂ ಆಗಿತ್ತು. ನಮ್ಮ ಹಳೇ ಪ್ರೊಫೆಸರು ಡಾಕ್ಟೋರಾ ಎರ್ಮಿನಿಯಾ ಬರುವ ಗುರುವಾರವೇ ಹಠ.

"ಸೋಮವಾರ ಆಗಿತ್ತು ಡಾಕ್ಟೋರಾ, ನಿಜವಾಗ್ಲೂ" ಅಂದೆ.

"ಮುದುಕಿ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಯಾನಿನಾ. ನಾನು ಕಣ್ಣಾರೆ ನೋಡ್ಬೇಕು."

ಅರ್ಧ ಆಯುಸ್ಸು ಇದರ ಹಿಂದೆ ಬಿದ್ದವರು. ರಿಟೈರ್ ಆದ ಮೇಲೂ ಪ್ರತಿ ವಾರ ಲಾ ಪ್ಲಾಟಾ ಊರಿನ ಆ ತುದಿಯಿಂದ ಬಸ್ಸು ಹಿಡಿದು ಲ್ಯಾಬಿಗೆ ಬರುತ್ತಾರೆ. ಎಡಗಣ್ಣು ಹೋಗಿಯಾಯಿತು. ಬಲಗಣ್ಣೂ ಬರುವ ಜೂನಿನ ಚಳಿಗಾಲ ದಾಟುವುದಿಲ್ಲ ಅಂದಿದ್ದಾರಂತೆ ಕಣ್ಣಿನ ಡಾಕ್ಟರು. ಅಷ್ಟರೊಳಗೆ ಆ ದರಿದ್ರ ಹಳದಿ ಬಂದುಬಿಡಬಾರದೆ!

ಮಾರ್ಚ್ 16

ಬರಲಿಲ್ಲ. ಪಕ್ಕದ ಬೆಂಚಿನ ಲಿಸಾಂದ್ರೊ, ಬಾಯಿಗೆ ಬೀಗವಿಲ್ಲ: "ನಿನ್ನ ಪದರಕ್ಕೂ ಡಾಕ್ಟೋರಾ ಅಂದ್ರೆ ಭಯ ಕಣೇ. ವೈವಾ ಅಂದ್ಕೊಂಡು ಬಿಳಿಚ್ಕೊಳ್ಳುತ್ತೆ." ನಗು ಬಂತು. ಅವನಿಗೆ ತೋರಿಸಲಿಲ್ಲ.

ಹೊರಡುವಾಗ ಡಾಕ್ಟೋರಾ ಮೆಲ್ಲಗೆ ಅಂದರು, "ನನ್ನ ಐಡಿಯಾನೇ ತಪ್ಪಿರ್ಬೇಕು. ಇನ್ನೊಂದೆರಡು ಸಲ ನೋಡ್ತೀನಿ, ಆಮೇಲೆ ಬರಲ್ಲ. ನಿನ್ನ ಟೈಮೂ ಹಾಳು."

ಮಾರ್ಚ್ 23

ಗೊತ್ತಾಯಿತು. ಅಯ್ಯೋ ದೇವರೇ...

ಪದರವನ್ನು ಕತ್ತಲಕೋಣೆಯಲ್ಲಿ ಕಪ್ಪು ಬಟ್ಟೆಯಡಿ ಬಿಟ್ಟು, ಎಂದಿನಂತೆ ಹೋಗಿ ಮಾಟೆ ಚಹಾಕ್ಕೆ ನೀರು ಕಾಯಲಿಟ್ಟೆ. ಫ್ಲಾಸ್ಕು ಮರೆತಿದ್ದೆ, ವಾಪಸ್ ಬಂದೆ. ಬಟ್ಟೆಯಡಿ ಬೆಳಕು! ಡಾಕ್ಟೋರಾ ಮೊಬೈಲಿನ ಟಾರ್ಚ್ ಹಚ್ಚಿ, ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು — ಹಳದಿ ಬಂತಾ ಎಂದು. ಟಾರ್ಚಿನ ಬೆಳಕಲ್ಲಿ ನೀಲಿಯೂ ಇರುತ್ತದೆ ಎಂದು ನಮಗೆ ಪಾಠ ಹೇಳಿದವರೇ ಅವರು. ಬಂದಷ್ಟು ಹಳದಿಯನ್ನು ನೋಡಿ ನೋಡಿಯೇ ಓಡಿಸುತ್ತಿದ್ದಾರೆ.

ಅಷ್ಟು ಹತ್ತಿರ, ಅಷ್ಟು ಬೆಳಕು ಬೇಕು ಅಂದರೆ... ಆ ಕಣ್ಣಲ್ಲಿ ಇನ್ನೇನು ಉಳಿದಿದೆ? ಸದ್ದಿಲ್ಲದೆ ಹಿಂದೆ ಸರಿದೆ. ನೀರು ಕುದಿಯುತ್ತಿತ್ತು, ಅಲ್ಲೇ ನಿಂತು ಅತ್ತುಬಿಟ್ಟೆ. ನೋಡಬೇಡಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ?

ಮಾರ್ಚ್ 27

ಲಿಸಾಂದ್ರೊಗೆ ಹೇಳಿದೆ. ಈ ಸಲ ತಮಾಷೆ ಮಾಡಲಿಲ್ಲ. "ಕಿವಿ ಚೆನ್ನಾಗಿದೆಯಲ್ಲ ಅವ್ರದ್ದು?" ಅಂದ. ಸಂಜೆಯೊಳಗೆ ಪದರದ ಪ್ರೋಟಾನ್ ಅಳೆಯುವ ಎಲೆಕ್ಟ್ರೋಡಿಗೆ ಒಂದು ಬಜರ್ ಕಟ್ಟಿದ. ಪದರ ಪ್ರೋಟಾನ್ ಬಿಟ್ಟರೆ ಸ್ವರ ಏರುತ್ತದೆ, ವಾಪಸ್ ಎಳೆದುಕೊಂಡರೆ ಇಳಿಯುತ್ತದೆ. ಆ ಕತ್ತೆಯನ್ನು ಅಪ್ಪಿಕೊಂಡುಬಿಟ್ಟೆ.

ಮಾರ್ಚ್ 30, ಗುರುವಾರ

ಹೇಳಿಯೇಬಿಟ್ಟೆ. "ಡಾಕ್ಟೋರಾ, ಇವತ್ತು ಮೊಬೈಲ್ ನನ್ನ ಕೈಗೆ ಕೊಡಿ."

"ನೋಡ್ಬಿಟ್ಯಾ?" ಅಂದರು.

"ಹ್ಞೂಂ."

"ಒಳ್ಳೇ ಕೆಮಿಸ್ಟು ನಾನು!" ಕೊಟ್ಟರು. ಬಜರಿನ ಸ್ವರ ಏರುವುದು, ಇಳಿಯುವುದು ಏನೆಂದು ವಿವರಿಸಿದೆ.

ನೀಲಿ ಬೆಳಕು ಆರಿಸಿ ಕತ್ತಲಲ್ಲಿ ಕೂತೆವು. ಸ್ವರ ಕೀರಲಾಗಿತ್ತು. ಇಳಿಯತೊಡಗಿತು, ನಿಧಾನ... ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಇಳಿದು ಇಳಿದು, ಮೊದಲಿದ್ದಲ್ಲಿಗೇ ಬಂದು ನಿಂತಿತು.

"ಹಳದಿ ಆಯ್ತಾ? ನಿಜ ಹೇಳು."

"ಕತ್ತಲು ಡಾಕ್ಟೋರಾ, ನನಗೂ ಏನೂ ಕಾಣಲ್ಲ. ನಿಮಗೆ ಕೇಳ್ಸಿದ್ದೇ ನನಗೂ ಕೇಳ್ಸಿದ್ದು."

ನಕ್ಕರು. ನಗುತ್ತಲೇ ಅತ್ತರು. ನಾನೂ.

"ಬಾಗಿಲು ತೆಗೀಲಾ? ಮಾಸೋದ್ರೊಳಗೆ ಅರ್ಧ ನಿಮಿಷ ಸಿಗುತ್ತೆ, ಕಣ್ಣಾರೆ ನೋಡ್ಬಹುದು." ಎದ್ದು ಹಿಡಿಕೆಗೆ ಕೈ ಹಾಕಿದ್ದೆ.

"ಬೇಡ ಮಗಳೇ. ಈಗಷ್ಟೇ ಮನೆಗೆ ಬಂದಿದೆ ಅದು. ಬಾ, ಕೂತ್ಕೋ."

ಹೋಗಿ ಕೂತೆ. ನನ್ನ ಭುಜಕ್ಕೆ ತಲೆಯಾನಿಸಿದರು. ಹೊರಗೆ ಲಿಸಾಂದ್ರೊ ಬಾಗಿಲು ಬಡಿಯುತ್ತಿದ್ದ, ಏನಾಯ್ತು ಏನಾಯ್ತು ಅಂತ. ನಾನು ಏಳಲಿಲ್ಲ.